ಕೊಳ್ಳುವಾಗ ಫೋನು, ಮಾರುವಾಗ ಮುಖ

(ಚಿಂತಾಮಣಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಪಠ್ಯ)



ಜಮೀನು, ಮನೆ, ಮದುವೆ. ಇವು ಮೂರನ್ನು ಬಿಟ್ಟರೆ ನಮ್ಮ ಕಡೆಯ ಸಾಧಾರಣ ಕುಟುಂಬ ಒಂದೇ ಸಲಕ್ಕೆ ಅಷ್ಟು ಹಣ ಕೈಬಿಡುವುದು ಸೆಕೆಂಡ್ ಹ್ಯಾಂಡ್ ಕಾರಿಗೆ. ಜಮೀನಿನ ಬಗ್ಗೆ ನಮ್ಮಲ್ಲಿ ಪುಸ್ತಕಗಳಿವೆ, ಮದುವೆಯ ಬಗ್ಗೆ ಕಾದಂಬರಿಗಳಿವೆ. ಹಳೆ ಕಾರಿನ ವ್ಯಾಪಾರದ ಬಗ್ಗೆ ಕನ್ನಡದಲ್ಲಿ ಗಂಭೀರವಾಗಿ ಮಾತನಾಡಿದವರು ಕಡಿಮೆ. ಅದಕ್ಕಾಗಿಯೇ ಈ ವಿಷಯವನ್ನು ಆರಿಸಿಕೊಂಡೆ.

ನನ್ನ ಪ್ರಶ್ನೆ ಇಷ್ಟು. ಬೆಂಗಳೂರಿನಲ್ಲಿ ಹಳೆ ಕಾರು ಮಾರುವವರು ಬಳಸುವ ತಂತ್ರಜ್ಞಾನಕ್ಕೂ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರಗಳಲ್ಲಿ ಸ್ವಂತ ಬಂಡವಾಳದಿಂದ ವ್ಯಾಪಾರ ಮಾಡುವವರು ಬಳಸುವ ತಂತ್ರಜ್ಞಾನಕ್ಕೂ ವ್ಯತ್ಯಾಸ ಏಕಿದೆ? "ಸಣ್ಣ ಊರಿನವರು ನಿಧಾನ, ಓದು ಕಡಿಮೆ, ಹೊಸದಕ್ಕೆ ಹೆದರುತ್ತಾರೆ" ಎಂಬ ಉತ್ತರ ಎಲ್ಲರ ನಾಲಿಗೆ ತುದಿಯಲ್ಲಿದೆ. ಈ ಉತ್ತರ ತಪ್ಪು ಎಂದು ನಾನು ನಂಬಿದ್ದೇನೆ. ಯಾವ ಉಪಕರಣ ತನ್ನ ಊರಿನಲ್ಲಿ ಕೆಲಸಕ್ಕೆ ಬರುತ್ತದೋ ಅದನ್ನು ನಮ್ಮ ವ್ಯಾಪಾರಿ ಒಂದು ದಿನವೂ ತಡಮಾಡದೆ ಹಿಡಿದಿದ್ದಾನೆ. ಬಿಟ್ಟಿರುವುದನ್ನೂ ಕಾರಣವಿದ್ದೇ ಬಿಟ್ಟಿದ್ದಾನೆ. ಆದರೆ ಒಂದೇ ಒಂದು ವಿಷಯದಲ್ಲಿ ಅವನು ಬಿಟ್ಟಿರುವುದು ಕೊಳ್ಳುವ ಬಡವನಿಗೆ ದೊಡ್ಡ ಪೆಟ್ಟು ಕೊಡುತ್ತಿದೆ. ಅದನ್ನು ಕೊನೆಯಲ್ಲಿ ವಿವರವಾಗಿ ಹೇಳುತ್ತೇನೆ.

ಅರ್ಥಶಾಸ್ತ್ರದಲ್ಲಿ ಹಳೆ ಕಾರಿಗೆ ಗೌರವದ ಸ್ಥಾನವಿದೆ. ಜಾರ್ಜ್ ಅಕೆರ್ಲಾಫ್ ಎಂಬ ಅಮೆರಿಕದ ಯುವ ವಿದ್ವಾಂಸ 1967-68ರಲ್ಲಿ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದ್ದರು. ಹಳೆ ಕಾರಿನ ಮಾರುಕಟ್ಟೆಯ ಮೇಲೆ ಅವರು ಬರೆದ ಲೇಖನವನ್ನು ಮೂರು ಪತ್ರಿಕೆಗಳು ಹಿಂತಿರುಗಿಸಿದವು. 1970ರಲ್ಲಿ ಅದು ಅಚ್ಚಾಯಿತು, 2001ರಲ್ಲಿ ನೊಬೆಲ್ ತಂದುಕೊಟ್ಟಿತು. ಕಾರಿನ ಹುಳುಕು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರು ಇರುವವನು ಮಾರಲು ಒಪ್ಪುವುದಿಲ್ಲ. ಸಂತೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ. ವಾದ ಇಷ್ಟೇ. ಅದೇ ಲೇಖನದಲ್ಲಿ ಅಕ್ಕಿಯಲ್ಲಿ ಬೆರೆಸಿದ ಕಲ್ಲು ಆರಿಸುವ ಭಾರತದ ಗೃಹಿಣಿ ಬರುತ್ತಾಳೆ, ಹಳ್ಳಿಯ ಲೇವಾದೇವಿಗಾರನೂ ಬರುತ್ತಾನೆ. ಸಾಲ ಕೇಳುವವರಲ್ಲಿ ಯಾರು ತೀರಿಸುತ್ತಾರೆ, ಯಾರು ಇಲ್ಲ ಎಂಬುದು ಊರಿನೊಳಗಿನ ಲೇವಾದೇವಿಗಾರನಿಗೆ ಗೊತ್ತು, ಹೊರಗಿನವನಿಗೆ ಗೊತ್ತಿಲ್ಲ. ಬಡ್ಡಿ ದುಬಾರಿಯಾಗಿದ್ದರೂ ಹೊರಗಿನವನು ಬಂದು ಅವನೊಡನೆ ಸ್ಪರ್ಧಿಸಲಾರ.

ಈ ಲೇವಾದೇವಿಗಾರನ ಉದಾಹರಣೆ ನಮ್ಮ ಪ್ರಶ್ನೆಗೆ ಕಾರಿನ ಉದಾಹರಣೆಗಿಂತ ಹೆಚ್ಚು ಹತ್ತಿರವಾಗಿದೆ. ಬೆಂಗಳೂರಿನಲ್ಲಿ ಕಾರು ಮಾರುವವನಿಗೂ ಕೊಳ್ಳುವವನಿಗೂ ಮೊದಲಿನ ಪರಿಚಯವಿಲ್ಲ, ನಂತರದ ಸಂಬಂಧವೂ ಇಲ್ಲ. ಅಲ್ಲಿ ನಂಬಿಕೆಯನ್ನು ಕಾಗದದ ಮೇಲೆ ತಯಾರಿಸಬೇಕು. 2001ರಲ್ಲಿ ಹಳೆ ಕಾರು ಮಾರುವ ಮಾರುತಿಯ ಟ್ರೂ ವ್ಯಾಲ್ಯೂ ಬಂತು. 2015ರಲ್ಲಿ ಕಾರ್ಸ್24, ಸ್ಪಿನ್ನಿಯಂಥ ಕಂಪನಿಗಳು ಬಂದವು. ಅವು ತಪಾಸಣೆಯ ಉದ್ದ ಪಟ್ಟಿ, ವಾರಂಟಿ, ಫೋಟೊಗಳ ಸರಣಿ ಎಲ್ಲವನ್ನೂ ಕೊಡುವುದು ಆ ಪರಿಚಯದ ಜಾಗ ತುಂಬಲು. ಚಿಂತಾಮಣಿಯಲ್ಲಿ ಆ ಜಾಗ ಖಾಲಿ ಇಲ್ಲ. ಇಲ್ಲಿ ಗಿಯರ್‌ಬಾಕ್ಸ್ ಕೆಟ್ಟ ಗಾಡಿ ಕೊಟ್ಟವನು ಮುಂದಿನ ವಾರ ಅದೇ ಸರ್ಕಲ್ಲಿನಲ್ಲಿ, ಅದೇ ಟೀ ಅಂಗಡಿಯಲ್ಲಿ ಪಾರ್ಟಿಯ, ಅಂದರೆ ಗಿರಾಕಿಯ, ಎದುರು ನಿಲ್ಲಬೇಕು. ಕೊಂಡವನ ಭಾವಮೈದುನ ಇವನ ಮುಂದಿನ ಗಿರಾಕಿ. ಛಾಪಿಸಿದ ತಪಾಸಣಾ ವರದಿ ಇವನಿಗೆ ಬೇಡವಾಗುವುದು ಅಜ್ಞಾನದಿಂದಲ್ಲ.

ಜಪಾನಿನ ಅನುಭವ ಇದನ್ನು ಇನ್ನೊಂದು ಕಡೆಯಿಂದ ತೋರಿಸುತ್ತದೆ. ಅಲ್ಲಿ 1985ರಲ್ಲೇ ಆಕ್‌ನೆಟ್ ಎಂಬ ಸಂಸ್ಥೆ ವ್ಯಾಪಾರಿಗಳು ಕಾರನ್ನು ಕಣ್ಣಾರೆ ನೋಡದೆ ತೆರೆಯ ಮೇಲೆ ನೋಡಿಯೇ ಹರಾಜು ಕೂಗುವ ವ್ಯವಸ್ಥೆ ಆರಂಭಿಸಿತು. ನೋಡದೆ ಕೊಳ್ಳುವ ಧೈರ್ಯ ಬಂದದ್ದು ತೆರೆಯಿಂದಲ್ಲ. ಮೂರನೆಯವರು ಪರೀಕ್ಷಿಸಿ ದರ್ಜೆ ಬರೆದ ಹಾಳೆ ಜೊತೆಗಿರುತ್ತದೆ, ಹಾಳೆ ತಪ್ಪಾದರೆ ದೂರು ಕೇಳಿ ಪರಿಹರಿಸುವ ಏರ್ಪಾಡು ಹರಾಜು ಮನೆಯಲ್ಲೇ ಇರುತ್ತದೆ. ತಪ್ಪಾದಾಗ ಯಾರು ಹಣ ಕೊಡುತ್ತಾರೆ ಎಂಬುದು ಖಚಿತವಾದ ಕಡೆ ಮಾತ್ರ ಕಾಗದಕ್ಕೆ ಬೆಲೆ. ನಮ್ಮಲ್ಲಿ ಆ ಹೊಣೆಯನ್ನು ಹೊತ್ತಿರುವುದು ವ್ಯಾಪಾರಿಯ ಮುಖ.

ಈಗ ನಮ್ಮ ನಾಲ್ಕು ಊರುಗಳಿಗೆ ಬರುತ್ತೇನೆ. ನಾಲ್ಕೂ ಈಗ ಚಿಕ್ಕಬಳ್ಳಾಪುರ ಜಿಲ್ಲೆಯವು. 2007ರವರೆಗೆ ಕೋಲಾರಕ್ಕೆ ಸೇರಿದ್ದವು. ಆದರೂ ಹಳೆ ಕಾರಿನ ಮಟ್ಟಿಗೆ ನಾಲ್ಕು ಬೇರೆ ಲೋಕಗಳು.

ಚಿಕ್ಕಬಳ್ಳಾಪುರ ರಾಷ್ಟ್ರೀಯ ಹೆದ್ದಾರಿ 44ರ ಮೇಲಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬೆಂಗಳೂರು ಇನ್ನೂ ಹತ್ತಿರ ಬಂತು. ಇಲ್ಲಿ ಕೊಳ್ಳುವವನು ಮನೆಯಿಂದ ಹೊರಡುವ ಮೊದಲೇ ಫೋನಿನಲ್ಲಿ ಬೆಂಗಳೂರಿನ ರೇಟು ನೋಡಿರುತ್ತಾನೆ. ವ್ಯಾಪಾರಿ ಹೇಳುವ ಬೆಲೆಗೆ ಆ ರೇಟೇ ಮೇಲ್ಛಾವಣಿ. ಇಲ್ಲಿನವರಿಗಿರುವ ಇನ್ನೊಂದು ಅನುಮಾನ, ಈ ಬಿಳಿ ಬೋರ್ಡಿನ ಗಾಡಿ ಹಿಂದೆ ಹಳದಿ ಬೋರ್ಡಿನಲ್ಲಿ ಏರ್‌ಪೋರ್ಟ್ ಟ್ಯಾಕ್ಸಿಯಾಗಿ ಓಡಿತ್ತೇ ಎಂಬುದು.

ಗೌರಿಬಿದನೂರಿನ ಮುಖ ಹಿಂದೂಪುರದ ಕಡೆಗಿದೆ. ಚಿಂತಾಮಣಿಯಿಂದ ಮದನಪಲ್ಲಿಗೂ ಅಂಥದೇ ದಾರಿ. ಗಡಿಯೂರಿನ ವ್ಯಾಪಾರಕ್ಕೆ ನಂಬರ್ ಪ್ಲೇಟೇ ಮೊದಲ ದಾಖಲೆ. ಕೆಎ 07 ಕೋಲಾರ, ಕೆಎ 40 ಚಿಕ್ಕಬಳ್ಳಾಪುರ, ಕೆಎ 43 ದೇವನಹಳ್ಳಿ, ಕೆಎ 67 ಚಿಂತಾಮಣಿ. ಬೆಂಗಳೂರಿನ ಪ್ಲೇಟು ಕಂಡರೆ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿದು ತುಳಿದು ಸವೆದ ಗಾಡಿ ಎಂದು, ಹಳ್ಳಿ ಕಡೆಯದಾದರೆ ಸಸ್ಪೆನ್ಷನ್ ನೋಡಬೇಕು ಎಂದು ಲೆಕ್ಕ. ಆಂಧ್ರದ ಗಾಡಿಗಳನ್ನೂ ಹೀಗೆಯೇ ಓದುತ್ತಿದ್ದರು: ಎಪಿ 02 ಅನಂತಪುರ, ಎಪಿ 03 ಚಿತ್ತೂರು. 2019ರಲ್ಲಿ ಆಂಧ್ರ ಸರ್ಕಾರ ಜಿಲ್ಲಾವಾರು ಸಂಖ್ಯೆ ಕೈಬಿಟ್ಟು ಇಡೀ ರಾಜ್ಯಕ್ಕೆ ಎಪಿ 39 ಎಂಬ ಒಂದೇ ಸರಣಿ ತಂದಿತು. ವಿಶಾಖಪಟ್ಟಣದ ಕಡಲ ಉಪ್ಪು ತಿಂದ ಗಾಡಿಗೂ ಹಿಂದೂಪುರದ ಒಣ ಹವೆಯ ಗಾಡಿಗೂ ಒಂದೇ ಸಂಖ್ಯೆ! ಪ್ಲೇಟು ಮೂಕವಾದ ಮೇಲೆ ಗಡಿಯ ವ್ಯಾಪಾರಿಗೆ ವಾಹನದ ದಾಖಲೆ ತೋರಿಸುವ ಎಂಪರಿವಾಹನ್ ಆ್ಯಪ್ ಅನಿವಾರ್ಯವಾಯಿತು. ಎಷ್ಟನೇ ಓನರು, ಯಾವ ಕಚೇರಿಯಲ್ಲಿ ನೋಂದಣಿ, ಸಾಲ ಬಾಕಿ ಇದೆಯೇ, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಎಲ್ಲವೂ ಗಾಡಿಯ ಪಕ್ಕ ನಿಂತಲ್ಲೇ ಸಿಗುತ್ತದೆ. ಯಾರೂ ತರಬೇತಿ ಕೊಡಲಿಲ್ಲ, ಯಾವ ಇಲಾಖೆಯೂ ಶಿಬಿರ ಮಾಡಲಿಲ್ಲ. ಹಳೆಯ ತಿಳಿವಳಿಕೆ ಕೆಲಸಕ್ಕೆ ಬಾರದ ದಿನ ಹೊಸದು ತಾನಾಗಿ ಕೈಗೆ ಬಂತು.

ಶಿಡ್ಲಘಟ್ಟದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆ ನಮ್ಮ ಪ್ರಶ್ನೆಗೆ ಒಳ್ಳೆಯ ಪಾಠ. ಅಲ್ಲಿ ಈಗ ಇ-ಹರಾಜು ನಡೆಯುತ್ತದೆ. ಗೂಡಿನಿಂದ ನೂಲು ತೆಗೆಯುವ ರೀಲರು ಮೊಬೈಲ್‌ನಲ್ಲಿ ಬೆಲೆ ಕೂಗುತ್ತಾನೆ. ಬೆಲೆ ಒಪ್ಪದಿದ್ದರೆ ಬೇಡ ಎನ್ನುವ ಹಕ್ಕು ರೈತನಿಗಿದೆ. ನಮ್ಮ ಅಂಗಡಿಗಳ ಕಾರು ಮಾರಾಟಕ್ಕೆ ಬಾರದ ಡಿಜಿಟಲ್ ಹರಾಜು ಗೂಡಿನ ಮಾರುಕಟ್ಟೆಗೆ ಹೇಗೆ ಬಂತು? ರೀಲರ್‌ಗಳು ಕಾರಿನ ವ್ಯಾಪಾರಿಗಳಿಗಿಂತ ಹೆಚ್ಚು ಓದಿದವರೇನಲ್ಲ. 1959ರ ರಾಜ್ಯದ ರೇಷ್ಮೆ ಕಾಯ್ದೆಯ ಪ್ರಕಾರ ಗೂಡಿನ ವಹಿವಾಟು ನಿಗದಿತ ಮಾರುಕಟ್ಟೆಯ ಅಂಗಳದಲ್ಲೇ ಆಗಬೇಕು. ಎಲ್ಲ ಗೂಡು, ಎಲ್ಲ ರೈತರು, ಎಲ್ಲ ರೀಲರ್‌ಗಳು ಒಂದು ಛಾವಣಿಯಡಿ ಮೊದಲೇ ಸೇರಿದ್ದರು. ಫೋನು ಆ ಅಂಗಳದೊಳಕ್ಕೆ ಬಂತು. ಹಳೆ ಕಾರಿಗೆ ಅಂಥ ಅಂಗಳವಿಲ್ಲ. ಎರಡು ಗಾಡಿ ಪೆಟ್ರೋಲ್ ಬಂಕಿನ ಪಕ್ಕ, ಮೂರು ಗಾಡಿ ಯಾರದೋ ಸೈಟಿನಲ್ಲಿ, ಒಂದು ಮೆಕ್ಯಾನಿಕ್ ಶೆಡ್ಡಿನ ಮುಂದೆ. ಅಮೆರಿಕದಲ್ಲಿ 1945ರಲ್ಲಿ ಪೆನ್ಸಿಲ್ವೇನಿಯದ ಮ್ಯಾನ್‌ಹೈಮ್ ಎಂಬ ಪುಟ್ಟ ಊರಿನಲ್ಲಿ ವ್ಯಾಪಾರಿಗಳ ಕಾರು ಹರಾಜು ಶುರುವಾಗಿ ಅದೇ ಮುಂದೆ ಜಗತ್ತಿನ ದೊಡ್ಡ ಕಾರು ಹರಾಜು ಸಂಸ್ಥೆಯಾಯಿತು. ಅಲ್ಲೂ ಮೊದಲು ಬಂದದ್ದು ಅಂಗಳ, ಗಣಕಯಂತ್ರ ಬಂದದ್ದು ಎಷ್ಟೋ ದಶಕಗಳ ಮೇಲೆ.

ಇನ್ನೊಂದು ಮಾತು. ಫೋನಿನಲ್ಲಿ ಬೆಲೆ ಒತ್ತುವ ರೀಲರು ಅದಕ್ಕೂ ಮೊದಲು ಗೂಡನ್ನು ಕೈಯಲ್ಲಿ ಹಿಡಿದು ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾನೆ. ಬೆಲೆ ಡಿಜಿಟಲ್ ಆಯಿತು, ಪರೀಕ್ಷೆ ಆಗಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಲ್ಲು ಎಣಿಸಿ ಸುಳಿ ನೋಡಿದ ತಾತನ ಹಾಗೆಯೇ ಕಾರಿನ ವ್ಯಾಪಾರಿಯಾದ ಮೊಮ್ಮಗ ಬಾನೆಟ್ ಎತ್ತಿ, ರಬ್ಬರ್ ಬೀಡಿಂಗ್ ಎಳೆದು ಪಿಲ್ಲರಿನ ವೆಲ್ಡಿಂಗ್ ನೋಡುತ್ತಾನೆ. ಈ ಕಣ್ಣಿಗೆ ನಾನು ಗೌರವ ಕೊಡುತ್ತೇನೆ. ಆದರೆ ಈ ಕಣ್ಣಿಗೆ ಕಾಣದವೂ ಇವೆ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಹೊರ ವರ್ತುಲ ರಸ್ತೆಯಲ್ಲಿ ನೀರು ನಿಂತಾಗ ಮುಳುಗಿದ ಕಾರುಗಳನ್ನು ನೆನೆಸಿಕೊಳ್ಳಿ. ಸೀಟು ಒಣಗುತ್ತದೆ, ಕಾರ್ಪೆಟ್ ಬದಲಾಗುತ್ತದೆ. ಒಳಗಿನ ವೈರಿಂಗಿನ ತುಕ್ಕು ತಿಂಗಳುಗಳ ಮೇಲೆ ಮಾತನಾಡುತ್ತದೆ. ಮೀಟರು ಹಿಂದಕ್ಕೆ ತಿರುಗಿಸಿದ್ದೂ ಕಣ್ಣಿಗೆ ಕಾಣುವುದಿಲ್ಲ.

ಇದಕ್ಕೆ ಸ್ಕ್ಯಾನರ್ ಇದೆಯಲ್ಲ ಎನ್ನುತ್ತೀರಿ. ನಿಜ. 2010ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್-4 ನಿಯಮದ ಜೊತೆ ಕಾರು ತನ್ನ ದೋಷವನ್ನು ತಾನೇ ದಾಖಲಿಸುವ ಒಬಿಡಿ ವ್ಯವಸ್ಥೆ ಬಂತು, 2013ರಲ್ಲಿ ಅದರ ಎರಡನೇ ಹಂತ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಉಪಕರಣ ಸಿಕ್ಕಿಸಿದರೆ ಎಂಜಿನ್ನಿನ ದೂರುಗಳನ್ನು ಓದಬಹುದು. ಸಮೀಕ್ಷೆ ಮಾಡುವವರು ವ್ಯಾಪಾರಿಯ ಅಂಗಡಿಗೆ ಹೋಗಿ "ನಿಮ್ಮಲ್ಲಿ ಸ್ಕ್ಯಾನರ್ ಇದೆಯೇ?" ಎಂದು ಕೇಳಿದರೆ "ಇಲ್ಲ" ಎಂಬ ಉತ್ತರ ಬರುತ್ತದೆ, ಊರು ಹಿಂದುಳಿದ ಪಟ್ಟಿಗೆ ಸೇರುತ್ತದೆ. ಆದರೆ ಸ್ಕ್ಯಾನರ್ ಪಕ್ಕದ ಮೆಕ್ಯಾನಿಕ್ ಬಳಿ ಇರುತ್ತದೆ. ವ್ಯಾಪಾರಿ ಗಾಡಿಯನ್ನು ಅಲ್ಲಿಗೇ ಒಯ್ಯುತ್ತಾನೆ. ಟಿಂಕರಿಂಗ್ ಮಾಡುವವನು, ಎಲೆಕ್ಟ್ರಿಷಿಯನ್, ಆರ್‌ಟಿಒ ಏಜೆಂಟ್, ಫೈನಾನ್ಸಿನವನು, ಇವರೆಲ್ಲ ಸೇರಿ ಒಂದು ಅಂಗಡಿ. ಸಣ್ಣ ಊರಿನಲ್ಲಿ ತಂತ್ರಜ್ಞಾನವನ್ನು ಅಳೆಯಬೇಕಾದದ್ದು ಬೀದಿಯಲ್ಲಿ. ಅಂಗಡಿ ಅಂಗಡಿಯ ಲೆಕ್ಕ ಹಿಡಿದರೆ ಎಣಿಕೆ ದಾರಿ ತಪ್ಪುತ್ತದೆ. ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಗುರುತು ಹಾಕಿಕೊಳ್ಳಲಿ ಎಂದು ಆಸೆಪಡುತ್ತೇನೆ.

ಇನ್ನು ಚಿಂತಾಮಣಿ. ನಮ್ಮ ವ್ಯಾಪಾರಿ ಹಿಂದೆ ಗಾಡಿ ಹುಡುಕಲು ಬೆಳಗಿನ ಬಸ್ಸಿಗೆ ಬೆಂಗಳೂರಿಗೆ ಹೋಗುತ್ತಿದ್ದ; ಎರಡು ಮೂರು ಬ್ರೋಕರ್‌ಗಳ ಹಿಂದೆ ಅಲೆದು ಸಂಜೆಗೆ ಗಾಡಿ ಓಡಿಸಿಕೊಂಡು ಹೊಸಕೋಟೆ ದಾರಿಯಲ್ಲಿ ಬರುತ್ತಿದ್ದ. ಈಗ ಬೆಂಗಳೂರಿನ ಮನೆಗಳಿಂದ ಕೊಂಡ ಕಾರುಗಳನ್ನು ಕಂಪನಿಗಳು ವ್ಯಾಪಾರಿಗಳಿಗಾಗಿಯೇ ಫೋನಿನಲ್ಲಿ ಹರಾಜು ಹಾಕುತ್ತವೆ. ಕೊಳ್ಳುವಾಗ ಇವನು ಪೂರ್ತಿ ಡಿಜಿಟಲ್. ತಪಾಸಣಾ ವರದಿ ಓದುತ್ತಾನೆ, ಬೆಲೆ ಒತ್ತುತ್ತಾನೆ, ಹಣವನ್ನು ಬ್ಯಾಂಕಿನ ಮೂಲಕ ಕಳಿಸುತ್ತಾನೆ. ಅದೇ ಗಾಡಿಯನ್ನು ಮಾರುವಾಗ ಆ ವರದಿಯನ್ನು ಪಾರ್ಟಿಗೆ ತೋರಿಸುವ ಅಭ್ಯಾಸ ಮಾತ್ರ ಇಲ್ಲ. "ಅಣ್ಣಾ, ಗಾಡಿ ನಂದು ಅಂದ್ಕೊಳ್ಳಿ, ಏನಿದ್ರೂ ನಾನಿದ್ದೀನಿ" ಎಂಬ ಮಾತಿನ ಮೇಲೆ ವ್ಯಾಪಾರ ಮುಗಿಯುತ್ತದೆ. ಪ್ರಾದೇಶಿಕ ವ್ಯತ್ಯಾಸ ಎಂಬುದು ಬೆಂಗಳೂರಿನವನಿಗೂ ಚಿಂತಾಮಣಿಯವನಿಗೂ ನಡುವೆ ಇರುವುದಕ್ಕಿಂತ ಹೆಚ್ಚಾಗಿ ಒಬ್ಬನೇ ವ್ಯಾಪಾರಿಯ ಎರಡು ಕೈಗಳ ನಡುವೆ ಇದೆ. ಬೆಂಗಳೂರಿನ ಕಡೆ ಚಾಚಿದ ಕೈಯಲ್ಲಿ ಆ್ಯಪ್, ಊರಿನ ಕಡೆ ಚಾಚಿದ ಕೈಯಲ್ಲಿ ಮಾತು.

ಗಾಡಿಯ ಬೆಲೆಯೂ ಊರಿನ ಬೆಳೆಯ ಲೆಕ್ಕದಲ್ಲೇ ನಡೆಯುತ್ತದೆ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2000 ರೂಪಾಯಿ ದಾಟಿತು. ಟೊಮೆಟೊ ಬೆಲೆ ಏರಿದ ತಿಂಗಳಲ್ಲಿ ಪಿಕಪ್ ಗಾಡಿಗೆ, ಏಳು ಸೀಟಿನ ಗಾಡಿಗೆ ಕೇಳುವವರು ಹೆಚ್ಚುತ್ತಾರೆ. ಬಾಕ್ಸನ್ನು ರಸ್ತೆಗೆ ಸುರಿಯುವ ತಿಂಗಳಲ್ಲಿ ಕೊಂಡವರೇ ಮಾರಲು ಬರುತ್ತಾರೆ. ಮಾಡೆಲ್, ವರ್ಷ, ಕಿಲೋಮೀಟರ್ ಕೇಳಿ ಬೆಲೆ ಹೇಳುವ ಜಾಲತಾಣ ಮಂಡಿಯ ರೇಟು ಕೇಳುವುದಿಲ್ಲ. ಅದನ್ನು ಕೇಳುವ ವ್ಯಾಪಾರಿ ಜಾಲತಾಣದ ಬೆಲೆಯನ್ನು ಪಕ್ಕಕ್ಕಿಟ್ಟರೆ ಅದು ಸರಿಯಾದ ತೀರ್ಮಾನ.

ಭಾಷೆಯನ್ನೂ ಮರೆಯುವಂತಿಲ್ಲ. ಈ ಸೀಮೆಯಲ್ಲಿ ಬೆಲೆ ಕೇಳುವುದು ತೆಲುಗಿನಲ್ಲಿ, ಕಾಗದ ಕನ್ನಡದಲ್ಲಿ, ಗ್ಯಾರೇಜಿನ ಮಾತು ಉರ್ದುವಿನಲ್ಲಿ, ಆ್ಯಪ್ ಇಂಗ್ಲಿಷಿನಲ್ಲಿ. ವಾಟ್ಸ್‌ಆ್ಯಪ್ ಉಳಿದೆಲ್ಲವನ್ನೂ ಹಿಂದಿಕ್ಕಿದ್ದು ಅದು ಬರೆಯಲು ಒತ್ತಾಯಿಸುವುದಿಲ್ಲ ಎಂಬ ಕಾರಣಕ್ಕೆ. ಎಂಜಿನ್ ಸ್ಟಾರ್ಟ್ ಮಾಡಿ ಸೈಲೆನ್ಸರ್ ಶಬ್ದ ಕೇಳಿಸಿದ ವಿಡಿಯೊ, ಜೊತೆಗೊಂದು ಧ್ವನಿ ಸಂದೇಶ ಸಾಕು. ಮದನಪಲ್ಲಿಯವನಿಗೂ ಅರ್ಥವಾಗುತ್ತದೆ, ಮಾಲೂರಿನವನಿಗೂ ಅರ್ಥವಾಗುತ್ತದೆ.

ಹಿಂದುಳಿದಿರುವಿಕೆಯ ವಾದಕ್ಕೆ ಎರಡು ಹಳೆಯ ಅಧ್ಯಯನಗಳು ಉತ್ತರ ಕೊಟ್ಟಿವೆ. 1957ರಲ್ಲಿ ಜ್ವಿ ಗ್ರಿಲಿಚಸ್ ಅಮೆರಿಕದ ಹೈಬ್ರಿಡ್ ಮೆಕ್ಕೆಜೋಳದ ಹರಡುವಿಕೆಯನ್ನು ಪ್ರಾಂತ್ಯವಾರು ಅಳೆದರು. ಅಯೋವಾ ಮುಂದೆ, ಅಲಬಾಮಾ ಹಿಂದೆ. ಅಲಬಾಮಾದ ಮಣ್ಣಿಗೆ ಒಗ್ಗುವ ತಳಿಯನ್ನು ಬೀಜದ ಕಂಪನಿಗಳು ತಯಾರಿಸಿದ್ದೇ ತಡವಾಗಿ. ಬಂದ ಮೇಲೆ ಎಷ್ಟು ಬೇಗ ಹರಡಿತು ಎಂಬುದು ಬಹುಮಟ್ಟಿಗೆ ಲಾಭದ ಲೆಕ್ಕ. ಇನ್ನೊಂದು ನಮ್ಮ ಕಾಸರಗೋಡಿನದು. 1997ರಿಂದ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂದಾಗ ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಬೂತಾಯಿ ಮೀನಿನ ಬೆಲೆಯನ್ನು ವರ್ಷಗಟ್ಟಲೆ ದಾಖಲಿಸಿದರು. ಮೊದಲು ಕೋಝಿಕ್ಕೋಡ್, ಆಮೇಲೆ ಕಣ್ಣೂರು, 2000ದಲ್ಲಿ ಕೊನೆಯದಾಗಿ ಕಾಸರಗೋಡು. ಫೋನು ಬಂದ ಕಡೆ ದಡದಿಂದ ದಡಕ್ಕೆ ಇದ್ದ ಬೆಲೆಯ ಅಂತರ ಕುಗ್ಗಿತು. ಮೀನುಗಾರರ ಲಾಭ ಸುಮಾರು ಶೇಕಡ 8 ಏರಿತು, ಗ್ರಾಹಕನಿಗೆ ಬೆಲೆ ಸುಮಾರು ಶೇಕಡ 4 ಇಳಿಯಿತು. ಕಾಸರಗೋಡಿನವರು ಕೊನೆಯಲ್ಲಿ ಹಿಡಿದದ್ದು ಟವರು ಕೊನೆಯಲ್ಲಿ ಬಂದದ್ದರಿಂದ. 2007ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ನಮ್ಮ ಜಿಲ್ಲೆಯ ಅಧಿಕಾರಿಗಳು ಓದಬೇಕು.

ಮೊದಲೇ ಹೇಳಿದ ಆ ಒಂದು ವಿಷಯಕ್ಕೆ ಈಗ ಬಂದೆ: ಹೆಸರು ಬದಲಾವಣೆ.

ಗಾಡಿ ಸಿಕ್ಕಿತು, ಹಣ ಕೊಟ್ಟಾಯಿತು, ಪೂಜೆ ಮಾಡಿಸಿ ಮನೆಗೂ ತಂದಾಯಿತು. ಆರ್‌ಸಿ, ಅಂದರೆ ನೋಂದಣಿ ಪತ್ರ, ಮಾತ್ರ ಬೆಂಗಳೂರಿನ ಯಾರದೋ ಹೆಸರಿನಲ್ಲಿದೆ. ಹೆಸರು ಬದಲಿಸಲು ಸಹಿ ಹಾಕಿದ ಫಾರಂ 29, 30 ಡ್ಯಾಶ್‌ಬೋರ್ಡಿನಲ್ಲಿ ಮಡಿಸಿಟ್ಟಿದೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಂ ಪ್ರಕಾರ ರಾಜ್ಯದೊಳಗೆ ಮಾರಿದವನು 14 ದಿನಗಳಲ್ಲಿ ತಿಳಿಸಬೇಕು, ಕೊಂಡವನು 30 ದಿನಗಳಲ್ಲಿ ಅರ್ಜಿ ಹಾಕಬೇಕು. ತಿಂಗಳುಗಳು ಕಳೆಯುತ್ತವೆ. ಕೊಂಡವನು ಇನ್ನೊಬ್ಬನಿಗೆ ಮಾರುತ್ತಾನೆ, ಅದೇ ಫಾರಂ ಅವನ ಕೈಗೆ ಹೋಗುತ್ತದೆ.

2018ರ ಫೆಬ್ರುವರಿ 6ರಂದು ಸುಪ್ರೀಂ ಕೋರ್ಟ್ ಇಂಥದೇ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಕಾರು ಕೈಯಿಂದ ಕೈಗೆ ಹಲವು ಸಲ ಹೋಗಿತ್ತು, ದಾಖಲೆಯಲ್ಲಿ ಮೊದಲಿನವನ ಹೆಸರೇ ಇತ್ತು, ಅಪಘಾತದಲ್ಲಿ ಜೀವ ಹೋಗಿತ್ತು. ನೋಂದಣಿ ಯಾರ ಹೆಸರಿನಲ್ಲಿದೆಯೋ ಅವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು ನ್ಯಾಯಾಲಯ ಹೇಳಿತು. ಅಪಘಾತಕ್ಕೆ ಸಿಕ್ಕ ಕುಟುಂಬ ಯಾರ ಹಿಂದೆ ಎಂದು ಅಲೆಯಬೇಕು ಎಂಬ ಕಾಳಜಿ ಆ ತೀರ್ಪಿನಲ್ಲಿದೆ. ಕೊಂಡವನ ಪಾಡು ಇದಕ್ಕಿಂತ ಚೆನ್ನಾಗಿಲ್ಲ. ಮೂರನೆಯವರಿಗೆ ಸಂಬಂಧಿಸಿದ ವಿಮೆ ಕಾನೂನಿನಂತೆ ಅವನ ಕಡೆಗೆ ಬರುತ್ತದೆ. ತನ್ನ ಗಾಡಿಗೆ ಆದ ಹಾನಿಯ ವಿಮೆ ತಾನಾಗಿ ಬರುವುದಿಲ್ಲ. ಜೀವಮಾನದ ಉಳಿತಾಯ ಹಾಕಿ ಕೊಂಡ ಗಾಡಿ ಮೋರಿಗೆ ಬಿದ್ದರೆ ಕ್ಲೇಮು ಕೇಳಲು ಪಾಲಿಸಿಯಲ್ಲಿ ಅವನ ಹೆಸರೇ ಇಲ್ಲ.

ಇದಕ್ಕೆ ಉಪಕರಣ ತಯಾರಾಗಿದೆ. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿ 2023ರ ಏಪ್ರಿಲ್ 1ರಿಂದ ಹಳೆ ವಾಹನಗಳ ಅಧಿಕೃತ ಡೀಲರ್ ಎಂಬ ವ್ಯವಸ್ಥೆ ತಂದಿತು. ವ್ಯಾಪಾರಿ ಆರ್‌ಟಿಒದಿಂದ ಐದು ವರ್ಷದ ಅಧಿಕಾರ ಪತ್ರ ಪಡೆಯುತ್ತಾನೆ. ಮಾಲೀಕ ಗಾಡಿ ಒಪ್ಪಿಸಿದ ಕೂಡಲೇ ಫಾರಂ 29ಸಿಯನ್ನು ಆನ್‌ಲೈನಿನಲ್ಲಿ ತುಂಬಿದರೆ ಗಾಡಿ ಮಾರಾಟವಾಗುವವರೆಗೆ ವ್ಯಾಪಾರಿಯೇ ಮಾಲೀಕನೆಂದು ಗಣನೆ. ಹೆಸರು ಬದಲಾವಣೆ, ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಎಫ್‌ಸಿ (ಅರ್ಹತಾ ಪತ್ರ) ನವೀಕರಣಕ್ಕೆ ಅವನೇ ಅರ್ಜಿ ಹಾಕಬಹುದು. ಗಾಡಿ ಹೊರಗೆ ಹೋದ ಪ್ರತಿ ಓಡಾಟವನ್ನು ಡಿಜಿಟಲ್ ರಿಜಿಸ್ಟರಿನಲ್ಲಿ ಬರೆಯಬೇಕು.

ಎಪಿ 39 ಬಂದಾಗ ಫೋನು ಹಿಡಿದ ಅದೇ ವ್ಯಾಪಾರಿ ಇದನ್ನು ಹಿಡಿಯಲು ಏಕೆ ಹಿಂಜರಿಯುತ್ತಾನೆ? ಎಂಪರಿವಾಹನ್‌ನಿಂದ ಅವನಿಗೆ ಮಾಹಿತಿ ಬಂತು; ಫಾರಂ 29ಸಿಯಿಂದ ಬರುವುದು ಹೊಣೆ. ಆಟೊ ಕನ್ಸಲ್ಟೆಂಟ್ ಎನಿಸಿಕೊಳ್ಳುವ ನಮ್ಮ ವ್ಯಾಪಾರಿಗಳ ಪೈಕಿ ಅನೇಕರು ಗಾಡಿಯನ್ನು ಕೊಳ್ಳುವುದೇ ಇಲ್ಲ, ಪಾರ್ಕ್ ಅಂಡ್ ಸೇಲ್ ಮಾಡುತ್ತಾರೆ. ಗಾಡಿ ಬೇರೆಯವರದು, ಜಾಗ ಇವರದು, ಸಿಗುವುದು ಕಮಿಷನ್. ಅಷ್ಟಕ್ಕೆ ಇಡೀ ಮಾಲೀಕತ್ವದ ಹೊಣೆ ಹೊರುವುದು ಅವರಿಗೆ ಭಾರ. ಜೊತೆಗೆ 2025ರ ಜನವರಿಯಿಂದ ನೋಂದಾಯಿತ ವ್ಯಾಪಾರಿಯ ಲಾಭಾಂಶದ ಮೇಲೆ ಎಲ್ಲ ಬಗೆಯ ಹಳೆ ಕಾರಿಗೂ ಶೇಕಡ 18 ಜಿಎಸ್‌ಟಿ ಇದೆ. ದಾಖಲೆಗೆ ಸಿಕ್ಕರೆ ತೆರಿಗೆಗೂ ಸಿಕ್ಕಂತೆ ಎಂಬ ಭಯ ಸುಳ್ಳಲ್ಲ. ಈ ಭಯವನ್ನು ಬೈದು ಓಡಿಸಲಾಗದು. ಆದರೆ ಇಲ್ಲಿ ಕುಳಿತಿರುವ ವ್ಯಾಪಾರಿ ಗೆಳೆಯರಿಗೆ ಒಂದು ಮಾತು ಹೇಳಲೇಬೇಕು: "ನಾನಿದ್ದೀನಿ" ಎನ್ನುವ ನಿಮ್ಮ ಮಾತು ಗಿಯರ್‌ಬಾಕ್ಸಿಗೆ ನಡೆಯುತ್ತದೆ, ನ್ಯಾಯಾಲಯದಲ್ಲಿ ನಡೆಯುವುದಿಲ್ಲ.

ಯಾವ ಗಾಡಿಗಳ ಹೆಸರು ಬೇಗ ಬದಲಾಗುತ್ತದೆ ಎಂದು ನೋಡಿ. ಸಾಲದ ಮೇಲೆ ಕೊಂಡವು. ಆರ್‌ಸಿಯಲ್ಲಿ ತನ್ನ ಸಾಲದ ಹೈಪೋಥಿಕೇಷನ್ (ಅಡಮಾನ) ನಮೂದಾಗಬೇಕೆಂದು ಫೈನಾನ್ಸಿನವನು ಪಟ್ಟು ಹಿಡಿಯುತ್ತಾನೆ. ಕೈಯಲ್ಲಿ ಹಣ ಹಿಡಿದು ಬಂದ ಹಳ್ಳಿಯವನಿಗೆ ಪಟ್ಟು ಹಿಡಿಯುವವರು ಯಾರೂ ಇಲ್ಲ. ಗೂಡು ಮಾರಿದ, ಟೊಮೆಟೊ ಮಾರಿದ ಹಣ ತಂದವನೇ ಅತ್ಯಂತ ಅಭದ್ರ. ಅವನಿಗಾಗಿ ಮೂರು ಕೆಲಸಗಳು ಆಗಬೇಕು. ಚಿಂತಾಮಣಿಯ ಸಾರಿಗೆ ಕಚೇರಿ ವಾರಕ್ಕೊಂದು ದಿನ ಹಳೆ ಗಾಡಿಯ ಹೆಸರು ಬದಲಾವಣೆಗೆ ಮೀಸಲಿಟ್ಟು, ಕನ್ನಡ ತೆಲುಗು ಎರಡರಲ್ಲೂ ವಿವರಿಸುವ ಒಬ್ಬರನ್ನು ಕೂರಿಸಲಿ. ಅಧಿಕಾರ ಪತ್ರ ಪಡೆದ ವ್ಯಾಪಾರಿಗಳ ಪಟ್ಟಿ ಮಾರುಕಟ್ಟೆಯ ಗೋಡೆಯ ಮೇಲೆ, ಹಾಲಿನ ಡೇರಿಯಲ್ಲಿ ಅಂಟಲಿ. ಮೂರನೆಯದಕ್ಕೆ ಸರ್ಕಾರ ಬೇಕಿಲ್ಲ. ಗಾಡಿ ಕೊಳ್ಳುವಾಗ ಬೆಲೆಯಲ್ಲಿ ಒಂದು ಪಾಲನ್ನು ಹಿಡಿದಿಟ್ಟುಕೊಳ್ಳಿ. ನಿಮ್ಮ ಹೆಸರಿನ ಆರ್‌ಸಿ ಫೋನಿನಲ್ಲಿ ಕಂಡ ದಿನ ಆ ಬಾಕಿಯನ್ನು ಯುಪಿಐನಲ್ಲಿ ಕಳಿಸಿ. ವ್ಯಾಪಾರಿ ಇದಕ್ಕೆ ಒಪ್ಪದಿದ್ದರೆ, ಗಾಡಿ ಎಷ್ಟೇ ಚೆನ್ನಾಗಿದ್ದರೂ ಕೀಲಿ ಅಲ್ಲೇ ಬಿಟ್ಟು ಬನ್ನಿ.